ಎರಡು ‘ಸ್ಪೆಷಲ್’ಗಳ ಕಥೆ

1/8

ನಮ್ಮ ಕಡೆ ‘ಸ್ಪೆಷಲ್’ ಅನ್ನೋ ಪದಕ್ಕೆ ಎರಡು ಅರ್ಥ ಇದೆ, ಗಮನಿಸಿದ್ದೀರಾ?

ಮೊದಲನೇದು ‘ಸ್ಪೆಷಲ್ ಕ್ಲಾಸ್’. ಎಸ್ಸೆಸ್ಸೆಲ್ಸಿ ಓದಿದವರಿಗೆಲ್ಲ ಗೊತ್ತು. ಬೆಳಗ್ಗೆ ಬೇಗ, ಸಂಜೆ ಬೆಲ್ ಹೊಡೆದ ಮೇಲೆ, ಕೆಲವು ಕಡೆ ಭಾನುವಾರವೂ. ಅದು ಸಾಲದು ಅಂತ ಟ್ಯೂಷನ್ ಬೇರೆ. ವಿಜಯನಗರದಿಂದ ಬಸವೇಶ್ವರನಗರದವರೆಗೆ ಒಂದು ಸಲ ನಡೆದು ನೋಡಿ, ಎಷ್ಟು ಗೇಟುಗಳ ಮೇಲೆ ಟ್ಯೂಷನ್ ಬೋರ್ಡ್ ನೇತಾಡ್ತಿದೆ ಅಂತ. ಮಗನಿಗೆ ಮ್ಯಾಥ್ಸ್ ತಲೆಗೆ ಹತ್ತಲ್ಲ ಅಂತ ಅಮ್ಮಂದಿರು ಪಕ್ಕದ ಮನೆ ಆಂಟಿ ಹತ್ತಿರ ಧಾರಾಳವಾಗಿ ಹೇಳ್ತಾರೆ. ಯಾವ ಮಿಸ್ ಚೆನ್ನಾಗಿ ಹೇಳಿಕೊಡ್ತಾರೆ ಅಂತ ವಿಚಾರಿಸಿಕೊಂಡೂ ಬರ್ತಾರೆ. ಒಂದು ಚೂರೂ ನಾಚಿಕೆ ಇಲ್ಲ. ಇರಬೇಕಾಗೂ ಇಲ್ಲ.

ಎರಡನೇದು ‘ಸ್ಪೆಷಲ್ ಸ್ಕೂಲ್’, ‘ಸ್ಪೆಷಲ್ ಟೀಚರ್’, ‘ಸ್ಪೆಷಲ್ ಮಗು’. ಇಲ್ಲಿಗೆ ಬಂದ ತಕ್ಷಣ ದನಿ ಇಳಿಯುತ್ತೆ. ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತೆ.

ಎರಡರಲ್ಲೂ ನಡೆಯೋದು ಒಂದೇ ಕೆಲಸ: ಕಲಿಯೋಕೆ ಸ್ವಲ್ಪ ಜಾಸ್ತಿ ಸಹಾಯ. ಒಂದಕ್ಕೆ ಫೀಸ್ ಕಟ್ಟಿ ರಸೀದಿ ತಗೋತೀವಿ, ಇನ್ನೊಂದರ ಕಾಗದವನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಬಚ್ಚಿಡ್ತೀವಿ. ಈ ವ್ಯತ್ಯಾಸ ಎಲ್ಲಿಂದ ಬಂತು? ನಾಚಿಕೆಗೂ ಒಂದು ಇತಿಹಾಸ ಇದೆ. ಈ ಸರಣಿಯಲ್ಲಿ ಅದನ್ನೇ ಹುಡುಕೋಣ. ಅದರ ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ಕರ್ನಾಟಕದಲ್ಲೇ.

2/8

ಈ ಮಕ್ಕಳಿಗೆ ಪಾಠ ಹೇಳೋಕೆ ಮುಂಚೆ ಬ್ರಿಟಿಷ್ ಸರ್ಕಾರ ಮಾಡಿದ್ದು ಅವರನ್ನ ಎಣಿಸೋ ಕೆಲಸ.

1872ರಿಂದ 1931ರವರೆಗಿನ ಜನಗಣತಿಗಳಲ್ಲಿ ‘ಇನ್ಫರ್ಮಿಟೀಸ್’ ಅಂತ ಒಂದು ವಿಭಾಗ ಇತ್ತು. ಅಂದ್ರೆ ‘ಊನಗಳು’. ಅದರೊಳಗೆ ನಾಲ್ಕು ಗುಂಪು: ಬುದ್ಧಿ ಸ್ಥಿಮಿತ ಇಲ್ಲದವರು, ಕಿವುಡು-ಮೂಕರು, ಕುರುಡರು, ಕುಷ್ಠ ಇರುವವರು. ಕಾಯಿಲೆ ಬೇರೆ, ಕಿವಿ ಕೇಳಿಸದೇ ಇರೋದು ಬೇರೆ. ಆದರೆ ರಿಜಿಸ್ಟರಿನಲ್ಲಿ ಎಲ್ಲ ಒಂದೇ ತಲೆಬರಹದ ಕೆಳಗೆ. ನಮ್ಮ ದೇಶದಲ್ಲಿ ಕಿವುಡ ಮಕ್ಕಳಿಗೆ ಮುಂಬೈಯಲ್ಲಿ, ಅಂಧ ಮಕ್ಕಳಿಗೆ ಅಮೃತಸರದಲ್ಲಿ ಮೊದಲ ಶಾಲೆಗಳು ತೆರೆದದ್ದು 1880ರ ದಶಕದಲ್ಲಿ. ಶಾಲೆಯ ಹಾಜರಿ ಪುಸ್ತಕಕ್ಕಿಂತ ಮುಂಚೆ ಊನದ ಪಟ್ಟಿಯಲ್ಲಿ ಅವರ ಲೆಕ್ಕ ಬಿದ್ದಿತ್ತು.

ನಾನು ಬಿಕಾಂ ಓದೋನು, ಆದ್ದರಿಂದ ನನಗೆ ಹೊಳೆಯೋ ಹೋಲಿಕೆ ಇದು. ಅಕೌಂಟ್ಸ್‌ನಲ್ಲಿ ‘ಎರರ್ ಆಫ್ ಪ್ರಿನ್ಸಿಪಲ್’ ಅಂತ ಒಂದು ತಪ್ಪು ಇದೆ. ಮೊತ್ತ ಸರಿಯಾಗಿಯೇ ಬರೆದಿರ್ತೀರಿ, ಆದರೆ ತಪ್ಪು ಖಾತೆಗೆ. ಮೆಷಿನ್ ಕೊಂಡ ದುಡ್ಡನ್ನ ಆಸ್ತಿ ಅಂತ ತೋರಿಸೋ ಬದಲು ರಿಪೇರಿ ಖರ್ಚು ಅಂತ ಹಾಕಿದ ಹಾಗೆ. ಇದರ ವಿಶೇಷ ಏನು ಗೊತ್ತಾ? ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಿಬಿಡುತ್ತೆ! ಅದಕ್ಕೇ ತಪ್ಪು ಅಷ್ಟು ಸುಲಭವಾಗಿ ಸಿಕ್ಕಲ್ಲ, ವರ್ಷಗಟ್ಟಲೆ ಹಾಗೇ ಮುಂದಕ್ಕೆ ಹೋಗ್ತಾ ಇರುತ್ತೆ.

ಈ ಮಕ್ಕಳ ವಿಷಯದಲ್ಲಿ ಆಗಿದ್ದೂ ಅದೇ. ಕಲಿಯಬೇಕಾದವರನ್ನ ನಷ್ಟದ ಖಾತೆಗೆ ಬರೆದರು.

1941ರ ಗಣತಿಯಿಂದ ಆ ಪ್ರಶ್ನೆಗಳನ್ನೇ ಬಿಟ್ಟರು. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವರ್ಷ ಅಂತ 1981ರಲ್ಲಿ ಮತ್ತೆ ಕೇಳಿದರು, 1991ರಲ್ಲಿ ಮತ್ತೆ ಬಿಟ್ಟರು, 2001ರಲ್ಲಿ ಮತ್ತೆ ಸೇರಿಸಿದರು. 2011ರ ಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು ಸುಮಾರು 13.24 ಲಕ್ಷ. ಆ ಪಟ್ಟಿಯಲ್ಲೂ, ಬುದ್ಧಿ ಚುರುಕಾಗಿದ್ದು ಓದಲು ಮಾತ್ರ ಕಷ್ಟಪಡುವ ಮಗುವಿಗೆ ಅಂತ ಪ್ರತ್ಯೇಕ ಕಾಲಂ ಇರಲಿಲ್ಲ.

3/8

ಈಗ ಮೈಸೂರು ರಸ್ತೆ ಹಿಡಿಯೋಣ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೋದರೆ ಕೆಳಗೆ ಕಾಣೋದು ಅದೇ ರಸ್ತೆ. ಅದರ ಆ ತುದಿಯಲ್ಲಿ, ಮೈಸೂರಿನಲ್ಲಿ, 1901ರಲ್ಲಿ ಎಂ. ಶ್ರೀನಿವಾಸರಾವ್ ಅನ್ನುವವರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಒಂದು ಶಾಲೆ ಶುರು ಮಾಡಿದರು. ಮುಂದೆ ಅದು ಸರ್ಕಾರಿ ಶಾಲೆಯಾಯ್ತು. ತಿಲಕ್‌ನಗರದಲ್ಲಿ ಇವತ್ತಿಗೂ ಇದೆ.

ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ಯೋಚನೆ ಮಾಡಿ. ಕಣ್ಣು ಕಾಣದ ಮಗು ಹುಟ್ಟಿದರೆ ಪೂರ್ವಜನ್ಮದ ಕರ್ಮ ಅಂತ ಕೈಚೆಲ್ಲುತ್ತಿದ್ದ ಕಾಲದಲ್ಲಿ, ಆ ಮಗುವಿನ ಕೈಗೆ ಬ್ರೈಲ್ ಕೊಟ್ಟು ‘ಓದು’ ಅಂದರು. ಆಗ ಇಡೀ ದೇಶಕ್ಕೆ ಒಂದೇ ಬ್ರೈಲ್ ಇರಲಿಲ್ಲ, ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಲಿಪಿ. ‘ಮೈಸೂರು-ಕನ್ನಡ ಬ್ರೈಲ್’ ಅಂತಲೇ ಒಂದಿತ್ತು. ಎಲ್ಲ ಸೇರಿ ಒಂದೇ ‘ಭಾರತಿ ಬ್ರೈಲ್’ ಆಗಿದ್ದು 1951ರಲ್ಲಿ.

ಉತ್ತರ ಕರ್ನಾಟಕದಲ್ಲಿ ಇದೇ ಕೆಲಸ ಬೇರೆ ದಾರಿಯಲ್ಲಿ ನಡೀತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಎಲ್ಲ ಕೊಟ್ಟರು. ಇಬ್ಬರೂ ಸ್ವತಃ ಕಣ್ಣು ಕಾಣದವರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಆ ಊರಲ್ಲಿ ಅವರನ್ನ ‘ಅಯ್ಯೋ ಪಾಪ’ ಅಂದವರಿಲ್ಲ, ಕಾಲಿಗೆ ನಮಸ್ಕಾರ ಮಾಡಿದವರೇ ಎಲ್ಲ.

ಈ ಸಂಸ್ಥೆಗಳು ‘ಈ ಮಗು ಕಲಿಯುತ್ತೆ’ ಅಂತ ಸಾಬೀತು ಮಾಡಿದವು. ಅದು ಸಣ್ಣ ಸಾಧನೆ ಅಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಮಗು ಊರು ಬಿಟ್ಟು ಹಾಸ್ಟೆಲ್‌ಗೆ ಹೋಯ್ತು. ಊರಿನ ಶಾಲೆಯ ಬೆಂಚಿನ ಮೇಲೆ ಅದರ ಜಾಗ ಖಾಲಿಯೇ ಉಳೀತು. ಮಿಕ್ಕ ಮಕ್ಕಳು ಅಂಥ ಒಬ್ಬ ಗೆಳೆಯನ ಜೊತೆ ಜಗಳ ಆಡದೆ, ಡಬ್ಬಿ ಹಂಚಿಕೊಳ್ಳದೆ ದೊಡ್ಡವರಾದರು. ನೋಡದೇ ಇರೋದರ ಬಗ್ಗೆ ಮನುಷ್ಯನಿಗೆ ಇರೋದು ಎರಡೇ ಭಾವನೆ: ಹೆದರಿಕೆ ಇಲ್ಲ ಕನಿಕರ. ನಮ್ಮ ಸಮಾಜದಲ್ಲಿ ಇವತ್ತಿಗೂ ಹೆಚ್ಚಾಗಿ ಉಳಿದಿರೋದು ಅವೆರಡೇ.

4/8

ಈಗ ಐಕ್ಯೂ ಕಡೆ ಬರೋಣ. ಇದರಲ್ಲಿ ಒಬ್ಬ ಕನ್ನಡ ನಾಡಿನ ಸಂಶೋಧಕರೂ ಇದ್ದಾರೆ.

1905ರಲ್ಲಿ ಪ್ಯಾರಿಸ್‌ನ ಆಲ್‌ಫ್ರೆಡ್ ಬಿನೆ, ಸಿಮೊನ್ ಜೊತೆ ಸೇರಿ ಒಂದು ಪರೀಕ್ಷೆ ಸಿದ್ಧ ಮಾಡಿದರು. ಉದ್ದೇಶ ಸರಳ: ಯಾವ ಮಕ್ಕಳಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಕಂಡುಹಿಡಿಯೋದು. ಬುದ್ಧಿ ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಅಭ್ಯಾಸದಿಂದ ಬೆಳೆಯುತ್ತೆ ಅಂತಲೇ ಬಿನೆ ನಂಬಿದ್ದರು. ಆದರೆ ಆ ಪರೀಕ್ಷೆ ಅಮೆರಿಕಕ್ಕೆ ಹೋದಾಗ ಹೆನ್ರಿ ಗಾಡರ್ಡ್ ಅನ್ನುವವರು 1910ರಲ್ಲಿ ಅಂಕಗಳ ಮೇಲೆ ಮಕ್ಕಳನ್ನ ಮೂರು ದರ್ಜೆ ಮಾಡಿದರು: ಈಡಿಯಟ್, ಇಂಬೆಸಿಲ್, ಮೋರಾನ್. ಇವತ್ತು ನಾವು ಟ್ರಾಫಿಕ್‌ನಲ್ಲಿ ಕೂಗಾಡೋ ಈ ಪದಗಳು ಒಂದು ಕಾಲಕ್ಕೆ ವೈದ್ಯರ ರಿಪೋರ್ಟಿನಲ್ಲಿ ಗಂಭೀರವಾಗಿ ಬರೀತಿದ್ದ ಪದಗಳು!

1934ರಲ್ಲಿ ವಿ.ವಿ. ಕಾಮತ್ ಅದೇ ಪರೀಕ್ಷೆಯನ್ನ ಮುಂಬೈ-ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ ಅಂತ ಅದರ ಹೆಸರು. ಪರದೇಶದ ಪ್ರಶ್ನೆಗಳನ್ನ ನಮ್ಮ ಮಕ್ಕಳ ಮೇಲೆ ಹಾಗೇ ಹೇರದೆ, ಅವರದೇ ಭಾಷೆಯಲ್ಲಿ ಕೇಳಿದ್ದು ಆ ಕಾಲಕ್ಕೆ ದೊಡ್ಡ ಕೆಲಸ. ಎಷ್ಟೋ ಹಳೆಯದಾದರೂ ನಮ್ಮಲ್ಲಿ ಅದರ ಬಳಕೆ ನಿಂತಿಲ್ಲ.

ತೊಂದರೆ ಆಗಿದ್ದು ಪರೀಕ್ಷೆಯಿಂದಲ್ಲ, ಅದನ್ನ ತೀರ್ಪು ಅಂತ ಓದಿದ್ದರಿಂದ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ಗಾದೆ ಬೇರೆ ಇದೆಯಲ್ಲ ನಮ್ಮಲ್ಲಿ. ಒಂದನೇ ಕ್ಲಾಸಿನಲ್ಲಿ ನಿಧಾನ ಆದ ಮೊಳಕೆಯನ್ನ ಕಿತ್ತು ಪಕ್ಕಕ್ಕೆ ಇಡೋಕೆ ಆ ಗಾದೆಯನ್ನೇ ಎಷ್ಟು ಸಲ ಬಳಸಿಲ್ಲ ನಾವು?

ಪದಗಳ ಸರದಿ ನಮ್ಮಲ್ಲೂ ನಡೀತು. ‘ಮಂದಬುದ್ಧಿ’ ಬಿಟ್ಟು ‘ಬುದ್ಧಿಮಾಂದ್ಯ’ ಅಂದೆವು. ‘ಅಂಗವಿಕಲ’ ಬಿಟ್ಟು ‘ವಿಕಲಚೇತನ’, ಆಮೇಲೆ ‘ವಿಶೇಷಚೇತನ’. 2015ರಲ್ಲಿ ದೆಹಲಿಯಿಂದ ‘ದಿವ್ಯಾಂಗ’ ಬಂತು. ಒಳ್ಳೆಯ ಪದ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಹೊಸ ಹೆಸರಿನ ಬೋರ್ಡ್ ಹಾಕಿ, ಆ ಮಗುವನ್ನ ಅದೇ ಹಳೇ ಬೇರೆ ಬಾಗಿಲಿನಿಂದ ಒಳಗೆ ಕರೆದರೆ, ಹೊಸ ಪದವೂ ಸ್ವಲ್ಪ ದಿನಕ್ಕೆ ಬೈಗುಳವೇ ಆಗುತ್ತೆ. ಶಾಲೆ ಅಂಗಳದಲ್ಲಿ ‘ಲೇ ಸ್ಪೆಷಲ್’ ಅಂತ ಕೂಗೋದನ್ನ ನೀವು ಕೇಳಿಲ್ವಾ?

5/8

ಎಲ್ಲ ತೊಂದರೆಯೂ ಕಣ್ಣಿಗೆ ಕಾಣಲ್ಲ. ಇದು ಕಾಣದೇ ಇರೋದರ ಕಥೆ.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಒಂದು ಲೇಖನ ಬರೆದರು. ಹದಿನಾಲ್ಕು ವರ್ಷದ ಒಬ್ಬ ಹುಡುಗ. ಚುರುಕು, ಲೆಕ್ಕದಲ್ಲಿ ಜಾಣ, ಆದರೆ ಓದೋಕೆ ಆಗಲ್ಲ. ಪಾಠ ಎಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಮೊದಲಿಗ ಆಗ್ತಿದ್ದ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ನಾವು ಇವತ್ತು ಡಿಸ್ಲೆಕ್ಸಿಯಾ ಅನ್ನೋದರ ಮೊದಮೊದಲ ದಾಖಲೆಗಳಲ್ಲಿ ಅದು ಒಂದು. ನಮ್ಮ ದೇಶದ ಮನೆಮನೆಗೆ ಈ ಪದ ತಲುಪೋಕೆ 2007ರ ‘ತಾರೇ ಜಮೀನ್ ಪರ್’ ಸಿನಿಮಾ ಬರಬೇಕಾಯ್ತು. ಅಷ್ಟರೊಳಗೆ ಎಷ್ಟು ಮಕ್ಕಳು ‘ಸೋಮಾರಿ’, ‘ದಡ್ಡ’ ಅನ್ನಿಸಿಕೊಂಡು ಶಾಲೆ ಬಿಟ್ಟರೋ!

ಕನ್ನಡದ ವಿಷಯ ಇನ್ನೂ ಸ್ವಾರಸ್ಯ. ಇಂಗ್ಲಿಷ್‌ಗೆ 26 ಅಕ್ಷರ. ನಮಗೆ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಎಲ್ಲ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದುವ ಮಕ್ಕಳನ್ನ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರೋಕೆ ನಾಲ್ಕು-ಐದನೇ ತರಗತಿವರೆಗೂ ಸಮಯ ಬೇಕಾಗುತ್ತೆ. ಅಂದ್ರೆ ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ತಪ್ಪಿದ ಮಗುವೆಲ್ಲ ಹಿಂದೆ ಬಿದ್ದಿದೆ ಅಂತ ಅಲ್ಲ. ಹಾಗೇ, ನಿಜವಾಗಿ ಸಹಾಯ ಬೇಕಾದ ಮಗು ‘ಮುಂದೆ ಸರಿಹೋಗುತ್ತೆ’ ಅನ್ನೋ ಮಾತಿನ ಹಿಂದೆ ಮರೆಯಾಗಿಬಿಡೋದೂ ಇಲ್ಲೇ. ಕನ್ನಡ, ಇಂಗ್ಲಿಷ್, ಹಿಂದಿ ಅಂತ ಮೂರು ಲಿಪಿ ಒಟ್ಟಿಗೆ ಕಲಿಯೋ ಮಗುವಿನ ಪಾಡು ನೀವೇ ಊಹಿಸಿಕೊಳ್ಳಿ.

ಗುರುತಿಸೋ ಸಂಸ್ಥೆಗಳ ವಿಷಯದಲ್ಲಿ ನಾವು ಅದೃಷ್ಟವಂತರು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯ್ತು, ಜಯಚಾಮರಾಜೇಂದ್ರ ಒಡೆಯರ್ ಕೊಟ್ಟ ಜಾಗದಲ್ಲಿ. 1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಕಲಿಕಾ ನ್ಯೂನತೆ ಪತ್ತೆ ಮಾಡೋಕೆ ಅಲ್ಲಿ ತಯಾರಾದ ಪರೀಕ್ಷಾ ಗುಚ್ಛವನ್ನೇ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಇಡೀ ದೇಶಕ್ಕೆ ಸೂಚಿಸಿತು.

ನಾವು ಬೆಂಗಳೂರಿನವರು ಆ ಸಂಸ್ಥೆಗೆ ಕೊಟ್ಟ ಮರ್ಯಾದೆ ಏನು? ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು ಕಣೋ’ ಅನ್ನೋ ಜೋಕ್. ಆ ಜೋಕ್ ಕೇಳಿ ನಕ್ಕ ಅಪ್ಪನಿಗೆ, ನಾಳೆ ತನ್ನ ಮಗಳನ್ನ ಅದೇ ಗೇಟಿನೊಳಗೆ ಕರ್ಕೊಂಡು ಹೋಗೋಕೆ ಕಾಲು ಏಳುತ್ತಾ?

6/8

ಈಗ ಕಾನೂನು. ಬೋರ್ ಅನ್ನಬೇಡಿ, ಖಾತೆ ಬದಲಾದದ್ದು ಇಲ್ಲೇ.

1974ರಲ್ಲಿ ಕೇಂದ್ರ ಸರ್ಕಾರ ಇಂಥ ಮಕ್ಕಳನ್ನ ಸಾಮಾನ್ಯ ಶಾಲೆಯಲ್ಲೇ ಓದಿಸೋ ಯೋಜನೆ ತಂತು. 1995ರಲ್ಲಿ ಮೊದಲ ಸಮಗ್ರ ಕಾಯ್ದೆ ಬಂತು, ಅದರಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು. ಡಿಸ್ಲೆಕ್ಸಿಯಾ ಇರಲಿಲ್ಲ, ಆಟಿಸಂ ಕೂಡ ಇರಲಿಲ್ಲ. ಭಾರತ 2007ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವನ್ನ ಅನುಮೋದಿಸಿತು. ಅದರ ಬೆನ್ನಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. ಏಳು ಇದ್ದದ್ದು ಇಪ್ಪತ್ತೊಂದಾಯ್ತು. ಕಲಿಕಾ ನ್ಯೂನತೆಗೆ ಮೊದಲ ಸಲ ಅದರಲ್ಲಿ ಜಾಗ ಸಿಕ್ಕಿತು. ಹೆಸರಿನಲ್ಲೇ ನೋಡಿ: ‘ಹಕ್ಕುಗಳ’ ಕಾಯ್ದೆ. ದಾನದ ಖಾತೆಯಿಂದ ಹಕ್ಕಿನ ಖಾತೆಗೆ.

ಆ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡಲು ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವನ್ನೂ ಹೆಸರಿಸಿ ಹೇಳುತ್ತೆ. ಕೇಂದ್ರದ ಪರೀಕ್ಷಾ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ.

‘ಶೇ 40ಕ್ಕಿಂತ ಕಮ್ಮಿ ಇದೆ, ನಿಮಗೆ ಸ್ಕ್ರೈಬ್ ಇಲ್ಲ’ ಅಂತ ಒಬ್ಬ ಯುಪಿಎಸ್‌ಸಿ ಅಭ್ಯರ್ಥಿಗೆ ಹೇಳಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಇದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳೋ ತೊಂದರೆ. ವಿಕಾಸ್ ಕುಮಾರ್ ಪ್ರಕರಣ, ಫೆಬ್ರವರಿ 2021. ಆ ಪರ್ಸೆಂಟೇಜ್ ಹೆಸರಲ್ಲಿ ಸ್ಕ್ರೈಬ್ ನಿರಾಕರಿಸೋ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಮರುವರ್ಷ, 2022ರಲ್ಲಿ, ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟ ಇರುವವರಿಗೂ ಪ್ರತ್ಯೇಕ ಮಾರ್ಗಸೂಚಿ ಬಂತು.

7/8

ಕಾಗದದ ಮೇಲೆ ಗೆದ್ದಾಯ್ತು. ಮನೆಯೊಳಗೆ?

ಬಸವೇಶ್ವರನಗರದ ನಮ್ಮ ಕ್ರಾಸ್‌ನಲ್ಲಿ ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ. ವಾರಕ್ಕೆ ಎರಡು ದಿನ ಅವಳಿಗೆ ಲೆಕ್ಕ ಹೇಳಿಕೊಡ್ತೀನಿ. ಬಾಯಲ್ಲಿ ಕೇಳಿ, ಚಕ್ರಬಡ್ಡಿ ಪಟ್ ಅಂತ ಹೇಳ್ತಾಳೆ. ಅದೇ ಲೆಕ್ಕ ಒಂದು ಪ್ಯಾರಾದಲ್ಲಿ ಕೊಡಿ, ಓದಿ ಮುಗಿಸೋ ಹೊತ್ತಿಗೆ ಮುಖ ಬಾಡಿಹೋಗಿರುತ್ತೆ. ಸರ್ಟಿಫಿಕೇಟ್ ಆಗಿದೆ. ಶಾಲೆಗೆ ಇನ್ನೂ ಕೊಟ್ಟಿಲ್ಲ. ಅವರಮ್ಮ ನನಗೆ ಹೇಳಿದ್ದು: ‘ಇವತ್ತು ಒಂದು ಗಂಟೆ ಜಾಸ್ತಿ ಸಿಗುತ್ತೆ ಕಣಪ್ಪ, ನಾಳೆ ಸಂಬಂಧ ಬಂದಾಗ ಯಾರಾದ್ರೂ ಇದನ್ನೇ ಎತ್ತಿದ್ರೆ?’

ಆ ತಾಯಿಗೆ ತಿಳಿವಳಿಕೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವರ ಹೆದರಿಕೆ ಗಾಳಿಯಿಂದ ಬಂದದ್ದಲ್ಲ. ಊನದ ಪಟ್ಟಿ, ಊರಾಚೆ ಹಾಸ್ಟೆಲ್, ಬೈಗುಳ ಆದ ರಿಪೋರ್ಟ್, ನಿಮ್ಹಾನ್ಸ್ ಜೋಕ್, ಎಲ್ಲ ಸೇರಿ ಕಟ್ಟಿದ ಹೆದರಿಕೆ ಅದು. ಅವರ ಲೆಕ್ಕ ಅವರಿಗೆ ತಾಳೆ ಆಗ್ತಿದೆ. ಬೆಲೆ ತೆರೋಳು ಮಾತ್ರ ಆ ಹುಡುಗಿ. ಅದೂ 625 ಅಂಕದ ಪರೀಕ್ಷೆಯಲ್ಲಿ. ಅರ್ಜಿ ಪರೀಕ್ಷೆಗೆ ಮುಂಚೆಯೇ ಹೋಗಬೇಕು, ಮನೆಯಲ್ಲಿ ಚರ್ಚೆ ಇನ್ನೂ ನಡೀತಾ ಇದೆ.

ಇನ್ನೊಂದು ಹೆದರಿಕೆ ಕ್ಲಾಸ್‌ಮೇಟ್ಸ್‌ದು. ‘ಅವಳಿಗೆ ಮಾತ್ರ ಯಾಕೆ ಜಾಸ್ತಿ ಟೈಮು?’ ನ್ಯಾಯವಾದ ಪ್ರಶ್ನೆಯೇ, ಉತ್ತರ ಕೊಡೋಣ. ಬಿಕಾಂ ಪರೀಕ್ಷೆಗೆ ನಾವು ಕ್ಯಾಲ್ಕುಲೇಟರ್ ತಗೊಂಡು ಹೋಗ್ತೀವಿ. ಯಾರೂ ಕಾಪಿ ಅನ್ನಲ್ಲ, ಯಾಕಂದ್ರೆ ಅಲ್ಲಿ ನೋಡೋದು ಬ್ಯಾಲೆನ್ಸ್ ಶೀಟ್ ಮಾಡೋಕೆ ಬರುತ್ತಾ ಅಂತ, ಗುಣಾಕಾರ ಬರುತ್ತಾ ಅಂತ ಅಲ್ಲ. ಹಾಗೇ ಸಮಾಜ ವಿಜ್ಞಾನದ ಪೇಪರ್ ನೋಡಬೇಕಾದ್ದು ಅವಳಿಗೆ ಇತಿಹಾಸ ಗೊತ್ತಾ ಅಂತ, ಎಷ್ಟು ಸ್ಪೀಡಾಗಿ ಓದ್ತಾಳೆ ಅಂತ ಅಲ್ಲ. ಆ ಒಂದು ಗಂಟೆ ಅವಳಿಗೆ ಉತ್ತರ ಹೇಳಿಕೊಡಲ್ಲ, ಗೊತ್ತಿರೋದನ್ನ ಬರೆಯೋಕೆ ಬಿಡುತ್ತೆ, ಅಷ್ಟೇ.

8/8

ಹಾಗಾದ್ರೆ ನಾಚಿಕೆ ಕಮ್ಮಿ ಆಗೋದು ಹೇಗೆ? ಉತ್ತರ ನಿಮ್ಮ ಕ್ಲಾಸಿನಲ್ಲೇ ಕೂತಿದೆ: ಕನ್ನಡಕ. ಒಂದು ಕಾಲದಲ್ಲಿ ಕನ್ನಡಕ ಹಾಕಿದ ಮಗುವಿಗೆ ‘ಸೋಡಾಬುಡ್ಡಿ’ ಅಂತ ಹೆಸರಿಡ್ತಿದ್ದರು. ಈಗ ಅರ್ಧ ಕ್ಲಾಸಿಗೆ ಕನ್ನಡಕ ಇದೆ, ಯಾರೂ ತಿರುಗಿ ನೋಡಲ್ಲ. ಅದಕ್ಕೆ ಯಾರೂ ‘ದಿವ್ಯದೃಷ್ಟಿ’ ಅಂತ ಹೆಸರು ಬದಲಾಯಿಸಲಿಲ್ಲ. ಕನ್ನಡಕ ಹಾಕಿದವರು ಬೇರೆ ಕೋಣೆಗೆ ಹೋಗಲಿಲ್ಲ, ಎಲ್ಲರ ನಡುವೆ ಕೂತರು, ನೋಡಿ ನೋಡಿ ಅಭ್ಯಾಸ ಆಯ್ತು.

ಈ ಸಹಾಯವೂ ಹಾಗೇ ಕ್ಲಾಸಿನೊಳಗೆ ಬರಬೇಕು. ಅದಕ್ಕೆ ನಮ್ಮಿಂದ ಆಗೋದು ಕೆಲವು ಇವೆ.

ನೀವು ಟೀಚರ್ ಆಗಿದ್ದರೆ: ‘ಸ್ಪೆಷಲ್ ಟೀಚರ್ ಬಂದಿದ್ದಾರೆ, ಎದ್ದು ಹೋಗು’ ಅಂತ ಎಲ್ಲರ ಮುಂದೆ ಹೆಸರು ಕೂಗಬೇಡಿ. ಆ ಟೀಚರ್ ಕ್ಲಾಸಿಗೇ ಬಂದು ಬೇರೆ ಮಕ್ಕಳ ನೋಟ್ಸನ್ನೂ ನೋಡಲಿ. ಆಗ ಅವರು ಯಾರೋ ಒಬ್ಬಳ ಟೀಚರ್ ಆಗಿ ಉಳಿಯಲ್ಲ. ಓದಿಸೋ ಬದಲು ಬಾಯಲ್ಲಿ ಕೇಳೋ ಪ್ರಶ್ನೆಗಳನ್ನ ಎಲ್ಲರಿಗೂ ಕೇಳಿ.

ನೀವು ಅಪ್ಪ-ಅಮ್ಮ ಆಗಿದ್ದರೆ: ಆ ಸರ್ಟಿಫಿಕೇಟ್ ಮಾರ್ಕ್ಸ್ ಕಾರ್ಡ್ ಅಲ್ಲ, ಮಗುವಿನ ಬೆಲೆ ಅದರಲ್ಲಿ ಬರೆದಿಲ್ಲ. ಅದು ಒಂದು ಬಾಕಿ ವಸೂಲಿ ಚೀಟಿ. ವ್ಯವಸ್ಥೆ ನಿಮ್ಮ ಮಗುವಿಗೆ ಕೊಡಬೇಕಾದ್ದನ್ನ ಕೇಳಿ ತಗೊಳ್ಳೋಕೆ ಇರೋದು. ಕೊನೇ ತಿಂಗಳವರೆಗೆ ಕಾಯಬೇಡಿ, ಶಾಲೆಯಲ್ಲಿ ವರ್ಷದ ಶುರುವಿನಲ್ಲೇ ವಿಚಾರಿಸಿ.

ನೀವು ನನ್ನ ಹಾಗೆ ಕಾಲೇಜಿನವರಾದರೆ: ನಿಮಗಿಂತ ಮೇಲಿನ ಕ್ಲಾಸಿನವರಿಗೆ ಸ್ಕ್ರೈಬ್ ಆಗಬಹುದು. ಕೇಂದ್ರದ ನಿಯಮದಲ್ಲಿ ಸ್ಕ್ರೈಬ್‌ನ ಓದು ಅಭ್ಯರ್ಥಿಯ ಹಂತಕ್ಕಿಂತ ಕೆಳಗಿರಬೇಕು. ಒಂದು ಪರೀಕ್ಷೆ, ಒಂದು ದಿನ. ಇನ್ನೊಬ್ಬರ ತಲೆಯಲ್ಲಿ ಇರೋದು ನಿಮ್ಮ ಕೈಯಿಂದ ಕಾಗದಕ್ಕೆ ಇಳಿಯುವಾಗ ‘ದಡ್ಡ’ ಅನ್ನೋ ಪದ ಎಷ್ಟು ಪೊಳ್ಳು ಅಂತ ಗೊತ್ತಾಗುತ್ತೆ.

ಯಾರೇ ಆಗಿದ್ದರೂ: ಆ ನಿಮ್ಹಾನ್ಸ್ ಜೋಕ್ ನಿಲ್ಲಿಸಿ. ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ನಗುವ ಇಮೋಜಿ ಒತ್ತದೇ ಇದ್ದರೂ ಸಾಕು, ಅದೂ ಒಂದು ಶುರುವೇ.

ತಪ್ಪು ಖಾತೆಗೆ ಹೋದ ಎಂಟ್ರಿಯನ್ನ ಹೊಡೆದು ಹಾಕೋದಲ್ಲ, ರೆಕ್ಟಿಫಿಕೇಶನ್ ಎಂಟ್ರಿ ಬರೆದು ಸರಿಯಾದ ಖಾತೆಗೆ ತರಬೇಕು ಅಂತ ನಮಗೆ ಕಲಿಸ್ತಾರೆ. 2016ರ ಕಾಯ್ದೆ ಬರೆದದ್ದು ಅಂಥ ಒಂದು ಎಂಟ್ರಿ. ಅದನ್ನ ಪೋಸ್ಟ್ ಮಾಡಬೇಕಾದ ಲೆಡ್ಜರ್ ಇರೋದು ಮಾತ್ರ ನಮ್ಮ ಶಾಲೆಗಳಲ್ಲಿ, ನಮ್ಮ ಕ್ರಾಸ್‌ಗಳಲ್ಲಿ.

ಈ ಸರಣಿಯನ್ನ ಸೇವ್ ಮಾಡ್ಕೊಳ್ಳಿ. ಹತ್ತನೇ ಕ್ಲಾಸಿನ ಮಗು ಇರೋ ಒಂದು ಮನೆಗೆ 6ನೇ ಭಾಗವನ್ನಾದರೂ ಕಳಿಸಿ. ಯಾರಿಗೆ ಬೇಕು ಅಂತ ಹುಡುಕಬೇಡಿ, ಸುಮ್ಮನೆ ಎಲ್ಲರಿಗೂ ಕಳಿಸಿ. ಬೇಕಾದವರು ಯಾರಿಗೂ ಹೇಳದೆ ಓದ್ಕೋತಾರೆ.

#ಕನ್ನಡಇತಿಹಾಸ #ಎಲ್ಲರಶಾಲೆ #ವಿಜಯನಗರ #ಬಸವೇಶ್ವರನಗರ #ರಾಜಾಜಿನಗರ #ಕೆಂಗೇರಿ